ಮೊದಲು ಹಳದಿ, ಆಮೇಲೆ ನೇರಳೆ: ಡಿಕಾರ್ಬಾಕ್ಸಿಲೇಸ್ ಪರೀಕ್ಷೆ ಮಾಡುವ ಬಗೆ

ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಅಮೈನೋ ಆಮ್ಲ ಒಡೆಯುವ ಅವುಗಳ ಕಿಣ್ವಗಳು ತುಂಬಾ ನೆರವಾಗುತ್ತವೆ. ಡಿಕಾರ್ಬಾಕ್ಸಿಲೇಸ್ ಎಂಬ ಈ ಕಿಣ್ವವಿದ್ದರೆ ಲೈಸೀನ್ ಕೆಡಾವರಿನ್ ಆಗುತ್ತದೆ, ಆರ್ನಿಥೀನ್ ಪುಟ್ರೆಸಿನ್ ಆಗುತ್ತದೆ. ಎರಡೂ ಕ್ಷಾರಗಳು; ಟ್ಯೂಬಿನ ಬಣ್ಣ ತಿರುಗಿಸುವುದು ಅವೇ.

ಬ್ಯಾಕ್ಟೀರಿಯಾ ಬೆಳೆಸುವ ಮೋಲರ್ ಮಾಧ್ಯಮಕ್ಕೆ 1 ಲೀಟರ್ ನೀರಿನಲ್ಲಿ ಪೆಪ್ಟೋನ್ 5 ಗ್ರಾಂ, ಬೀಫ್ ಎಕ್ಸ್‌ಟ್ರ್ಯಾಕ್ಟ್ 5 ಗ್ರಾಂ, ಗ್ಲೂಕೋಸ್ 0.5 ಗ್ರಾಂ, ಆಮ್ಲ-ಕ್ಷಾರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಬ್ರೋಮೋಕ್ರೆಸಾಲ್ ಪರ್ಪಲ್ 10 ಮಿ.ಗ್ರಾಂ ಮತ್ತು ಕ್ರೆಸಾಲ್ ರೆಡ್ 5 ಮಿ.ಗ್ರಾಂ, ಪಿರಿಡಾಕ್ಸಾಲ್ 5 ಮಿ.ಗ್ರಾಂ ಕರಗಿಸಿ. ಪಿರಿಡಾಕ್ಸಾಲ್ ಅಳತೆ ಚಿಕ್ಕದೆಂದು ಬಿಡಬೇಡಿ, ಡಿಕಾರ್ಬಾಕ್ಸಿಲೇಸ್‌ಗೆ ಸಹಕಿಣ್ವ (ಅದರ ಕೆಲಸಕ್ಕೆ ಬೇಕಾದ ಜೊತೆವಸ್ತು) ಸಿಗುವುದು ಅದರಿಂದಲೇ. ನಾಲ್ಕು ಪಾಲು ಮಾಡಿ ಮೂರಕ್ಕೆ ಎಲ್-ಲೈಸೀನ್, ಎಲ್-ಆರ್ನಿಥೀನ್, ಎಲ್-ಆರ್ಜಿನೀನ್ ತಲಾ ಶೇ 1ರಂತೆ ಹಾಕಿ. ಎಲ್ ಮತ್ತು ಡಿ ರೂಪಗಳು ಅರ್ಧರ್ಧ ಬೆರೆತ ಡಿಎಲ್ ರೂಪವಾದರೆ ಶೇ 2 ಬೇಕು, ಕಿಣ್ವ ಎಲ್ ರೂಪವನ್ನು ಮಾತ್ರ ಮುಟ್ಟುತ್ತದೆ. ನಾಲ್ಕನೆಯದು ಹೋಲಿಕೆಗೆ ಇಡುವ, ಅಮೈನೋ ಆಮ್ಲವಿಲ್ಲದ ಕಂಟ್ರೋಲ್. ಪಿಎಚ್ 6.0ಕ್ಕೆ ಹೊಂದಿಸುವುದು ಇವನ್ನೆಲ್ಲ ಹಾಕಿದ ನಂತರ, ಏಕೆಂದರೆ ಈ ಅಮೈನೋ ಆಮ್ಲಗಳ ಹೈಡ್ರೊಕ್ಲೋರೈಡ್ ಲವಣಗಳು ಅದನ್ನು ಕದಲಿಸುತ್ತವೆ. ಟ್ಯೂಬುಗಳಿಗೆ ಹಂಚಿ 121 ಡಿಗ್ರಿಯಲ್ಲಿ 10 ನಿಮಿಷ ಆಟೊಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿರಹಿತಗೊಳಿಸಿ).

18–24 ಗಂಟೆಯ ಶುದ್ಧ ಕಲ್ಚರ್‌ನಿಂದ (ಬೆಳೆಸಿದ ಬ್ಯಾಕ್ಟೀರಿಯಾದಿಂದ) ಲೂಪಿನ, ಅಂದರೆ ತಂತಿ ಕುಣಿಕೆಯ, ತುದಿಯಲ್ಲಿ ತುಸುವೇ ತೆಗೆದು ನಾಲ್ಕಕ್ಕೂ ಹಾಕಿ. ಮೇಲೆ ಸುಮಾರು 1 ಸೆಂ.ಮೀ. ಕ್ರಿಮಿರಹಿತ ಲಿಕ್ವಿಡ್ ಪ್ಯಾರಫಿನ್ ಎಣ್ಣೆ ಸುರಿದು 35–37 ಡಿಗ್ರಿಯಲ್ಲಿ ಇಡಿ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿಯ ಶಂಕೆ ಇದ್ದರೆ ಈ ಕೆಲಸ ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲೇ ಆಗಬೇಕು.

ಹೆಚ್ಚಿನವರು ಎಡವುವುದು ಫಲಿತಾಂಶ ಓದುವಾಗ. ಮೊದಲ ಕೆಲವು ಗಂಟೆ ಗ್ಲೂಕೋಸ್ ಆಮ್ಲವಾಗಿ ನಾಲ್ಕೂ ಟ್ಯೂಬು ಹಳದಿಯಾಗುತ್ತವೆ. ಆ ಆಮ್ಲವೂ ಎಣ್ಣೆಯಡಿಯ ಗಾಳಿಯಿಲ್ಲದ ಸ್ಥಿತಿಯೂ ಸೇರಿಯೇ ಕಿಣ್ವವನ್ನು ಎಬ್ಬಿಸುವುದು; ಪಾಸಿಟಿವ್ ಎಂದು ತೋರಿಸುವ ನೇರಳೆ ಬರುವುದು ಆಮೇಲೆ. ಹತ್ತು ಗಂಟೆಗೇ ಓದಿ 'ನೆಗೆಟಿವ್' ಎಂದು ಬರೆದರೆ ಅದು ತಪ್ಪು ವರದಿ. 24 ಗಂಟೆಗೆ ನೋಡಿ, ಹಳದಿ ಉಳಿದದ್ದನ್ನು 4 ದಿನದವರೆಗೆ ಕಾಯಿರಿ.

ಕಂಟ್ರೋಲ್ ಹಳದಿಯಾಗಿರಲೇಬೇಕು. ಅದೂ ನೇರಳೆಯಾದರೆ ಉಳಿದ ಮೂರಕ್ಕೆ ಅರ್ಥವಿಲ್ಲ: ಎಣ್ಣೆ ಬಿಟ್ಟುಹೋಗಿ ಪೆಪ್ಟೋನ್ ಒಡೆದು ಕ್ಷಾರವಾಗಿರುತ್ತದೆ, ಇಲ್ಲವೇ ಸ್ಯೂಡೊಮೊನಾಸ್‌ನಂತೆ ಗ್ಲೂಕೋಸ್ ಹುದುಗಿಸದ ಜೀವಿ ಕೈಗೆ ಬಂದಿರುತ್ತದೆ.

ಸಾಲ್ಮೊನೆಲ್ಲಾಗಳಲ್ಲಿ ಹೆಚ್ಚಿನವು ಲೈಸೀನ್, ಆರ್ನಿಥೀನ್ ಎರಡಕ್ಕೂ ಪಾಸಿಟಿವ್. ಟೈಫಿಗೆ ಆರ್ನಿಥೀನ್ ಇಲ್ಲ, ಪ್ಯಾರಾಟೈಫಿ ಎಗೆ ಲೈಸೀನ್ ಇಲ್ಲ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇಗೆ ಲೈಸೀನ್ ಮಾತ್ರ. ಎಂಟರೊಬ್ಯಾಕ್ಟರ್ ಕ್ಲೊಯೇಸಿಗೆ ಲೈಸೀನ್ ಬಿಟ್ಟು ಉಳಿದೆರಡು. ಶಿಗೆಲ್ಲಾಗಳಲ್ಲಿ ಲೈಸೀನ್ ನೆಗೆಟಿವ್, ಸೊನ್ನೈ ಮಾತ್ರ ಸಾಮಾನ್ಯವಾಗಿ ಆರ್ನಿಥೀನ್ ಪಾಸಿಟಿವ್. ಶಿಗೆಲ್ಲಾ ಲೈಸೀನ್ ಒಡೆಯುವ ಕಿಣ್ವವನ್ನು ಕಳೆದುಕೊಂಡಿದ್ದರ ಹಿಂದೆ ಕಾರಣವಿದೆ: ಕೆಡಾವರಿನ್ ಅದರ ವಿಷವಸ್ತುವಿನ ಕೆಲಸಕ್ಕೇ ಅಡ್ಡಿ. ಉಪ್ಪು ಬೇಡುವ ವಿಬ್ರಿಯೋಗಳಿಗೆ ನಾಲ್ಕೂ ಟ್ಯೂಬಿಗೆ ಶೇ 1 ಸೋಡಿಯಂ ಕ್ಲೋರೈಡ್ ಸೇರಿಸಿ, ಇಲ್ಲದಿದ್ದರೆ ಅವು ಬೆಳೆಯದೆ ಸುಳ್ಳು ನೆಗೆಟಿವ್ ಸಿಗುತ್ತದೆ.