ಸ್ಕೊಲಿ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋದು?

ಅಮ್ಮ ಕೇಪ್‌ಟೌನಿಗೆ ಬಂದಿದ್ದಾಗ ಈ ಊರಿನದೇ ಒಂದು ಸಿನಿಮಾ ತೋರಿಸೋಣ ಅನ್ನಿಸಿತು. ‘ನೂಮ್ ಮೇ ಸ್ಕೊಲಿ’, 2016ರದು, ಆಫ್ರಿಕಾನ್ಸ್ ಭಾಷೆಯದು. ಓಡುವ ಇಂಗ್ಲಿಷ್ ಸಬ್‌ಟೈಟಲ್ ಅಮ್ಮನಿಗೆ ಆಗಿಬರಲ್ಲ. ಸರಿ, ಮನೆಮಟ್ಟಿಗೆ ಕನ್ನಡದ್ದು ನಾನೇ ಬರೆದರಾಯಿತು ಅಂತ ಕೂತೆ. ಮೂರು ಶನಿವಾರ, ಮೂರು ಭಾನುವಾರ ಹೋಯಿತು.

ಕತೆ ಜಾನ್ ಫ್ರೆಡರಿಕ್ಸ್ ಅವರ ಸ್ವಂತ ಬದುಕಿನದು. ಚಿತ್ರಕತೆ ಬರೆದವರೂ ಅವರೇ, ನಿರ್ದೇಶನ ಡಾರಿನ್ ಜೋಶುವಾ ಅವರದು. 1960ರ ದಶಕದಲ್ಲಿ, ಕೇಪ್‌ಟೌನಿನ ಹೊರಭಾಗದ ಕೇಪ್ ಫ್ಲಾಟ್ಸ್ ಅನ್ನೋ ಕಡೆ ನಾಲ್ಕು ಹುಡುಗರು ಒಂದು ಗ್ಯಾಂಗ್ ಕಟ್ಟಿಕೊಳ್ಳುತ್ತಾರೆ. ಅವರಲ್ಲೊಬ್ಬ ಎಬಿ, ಮುಂದೆ ಜೈಲು ಸೇರುತ್ತಾನೆ. ಅಲ್ಲಿ ಕೈದಿಗಳಿಗೆ ಕತೆ ಹೇಳಿ ಹೇಳಿ ತನ್ನ ಮೈ ಕಾಪಾಡಿಕೊಳ್ಳುತ್ತಾನೆ. ಆ ಸೆಲ್ಲಿಗೆ ಅವನೇ ಟಾಕೀಸು.

ನಾನು ಸಿಕ್ಕಿಹಾಕಿಕೊಂಡಿದ್ದು ಹೆಸರಿನಲ್ಲೇ. ‘ನನ್ನನ್ನು ಸ್ಕೊಲಿ ಅನ್ನಿ’ ಅಂತ ಅರ್ಥ. ಸ್ಕೊಲಿ ಅಂದರೆ ಬೀದಿ ಹುಡುಗರಿಗೆ ಇಲ್ಲಿ ಬೀಳುವ ಬೈಗುಳ. ಹೊರದೇಶಕ್ಕೆ ಕೊಟ್ಟ ಇಂಗ್ಲಿಷ್ ಹೆಸರಿನಲ್ಲಿ ಸ್ಕೊಲಿ ‘ಕಳ್ಳ’ ಆಗಿಬಿಟ್ಟಿದ್ದಾನೆ. ನನಗೆ ಒಪ್ಪಿಗೆಯಾಗಲಿಲ್ಲ. ಏನೂ ಕದಿಯದೆ ಬೀದಿ ಮೂಲೆಯಲ್ಲಿ ಸುಮ್ನೆ ನಿಂತವನಿಗೂ ಇಲ್ಲಿ ಆ ಬೈಗುಳ ಬೀಳುತ್ತೆ. ಪೋಲಿ ಅಂದರೆ ಬೇರೆ ವಾಸನೆ ಬರುತ್ತೆ. ರೌಡಿ ಅಂದರೆ ಪೊಲೀಸ್ ಫೈಲು ನೆನಪಾಗುತ್ತೆ. ಪುಂಡ ತುಸು ಮುದ್ದಾಯಿತು.

ಇನ್ನೊಂದು ತಲೆನೋವು ‘ನೀನು’, ‘ನೀವು’. ಆಫ್ರಿಕಾನ್ಸ್ ಮಕ್ಕಳು ಅಪ್ಪನಿಗೆ ನೇರವಾಗಿ ‘ನೀನು’ ಅನ್ನೋದು ಕಡಿಮೆ. ಅಪ್ಪನ ಎದುರಿಗೇ ‘ಪಾ (ಅಪ್ಪ) ಕಾಫಿ ಕುಡೀತಾರಾ?’ ಅನ್ನೋ ಥರ ಕೇಳುತ್ತಾರೆ. ಇಂಗ್ಲಿಷ್‌ನಲ್ಲಿ ಅದು ಮಾಯ. ನಾನು ಅಪ್ಪನಿಗೆ ‘ನೀವು’, ಗೆಳೆಯರಿಗೆಲ್ಲ ‘ಲೋ’ ಅಂತ ಇಟ್ಟೆ. ಅಷ್ಟಕ್ಕೇ ಮನೆ ಯಾವುದು, ಬೀದಿ ಯಾವುದು ಗೊತ್ತಾಯಿತು.

ಸಾಲದ್ದಕ್ಕೆ ನಮ್ಮ ಕ್ರಿಯಾಪದ ಬರೋದು ವಾಕ್ಯದ ಬಾಲದಲ್ಲಿ. ‘ಅವನಿಗೆ ಚುಚ್ಚಿದ್ದು ನಾನು’ ಅಂತ ಒಂದು ಕಾರ್ಡು (ತೆರೆ ಮೇಲೆ ಒಂದು ಸಲಕ್ಕೆ ಬರೋ ಸಬ್‌ಟೈಟಲ್), ‘ಅಲ್ಲ’ ಮುಂದಿನ ಕಾರ್ಡಿಗೆ ಹೋಯಿತು ಅನ್ನಿ, ಎರಡು ಸೆಕೆಂಡು ಅವನೇ ಕೊಲೆಗಾರ! ಹಾಗಾಗಿ ‘ನಾನಲ್ಲ ಚುಚ್ಚಿದ್ದು’ ಅಂತ ತಿರುಗಿಸಿ ಬರೆಯೋದು ಅಭ್ಯಾಸ ಮಾಡಿಕೊಂಡೆ. ಮಾತಾಡುವಾಗ ಹಾಗೇ ಅಲ್ವಾ ಅನ್ನೋದು?

ಟಿವಿಗೆ ಹಾಕಿದರೆ ಒತ್ತಕ್ಷರವೆಲ್ಲ ಚೂರುಚೂರು. ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಿ ಹೊಸ ಫೈಲು ಮಾಡಿದೆ, ಲ್ಯಾಪ್‌ಟಾಪು ರಾತ್ರಿಯಿಡೀ ಬುಸುಗುಟ್ಟಿತು.

ನೋಡುತ್ತಾ ಅಮ್ಮ ಕೇಳಿದ್ದು ಒಂದೇ: ‘ಏನೋ ಅದು ಇಪ್ಪತ್ತೆಂಟು, ರೂಮ್ ನಂಬರಾ?’ ಇಲ್ಲಿನ ಜೈಲು ಗ್ಯಾಂಗುಗಳಿಗೆ ನಂಬರೇ ಹೆಸರು: 26, 27, 28. ನನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ಮಾರನೇ ದಿನ ಎಲ್ಲ ಕಡೆ ‘28ರ ಗ್ಯಾಂಗಿನವರು’ ಅಂತ ತಿದ್ದಿದೆ.

ಹೆಸರಿನ ವಿಷಯವನ್ನೂ ಅಮ್ಮನ ಮುಂದಿಟ್ಟೆ. ಬಟಾಣಿ ಬಿಡಿಸುತ್ತಾ ತಲೆ ಎತ್ತದೆ ಹೇಳಿದರು: ‘ನಿಮ್ಮ ತಾತ ನಿನ್ನ ಮಾವಂಗೆ ದಿನಾ ಲೋಫರ್ ಅಂತಿದ್ರಲ್ಲ, ಅದೇ ಹಾಕೋ.’

ಅದನ್ನೇ ಹಾಕಿದೆ.