ಕರ್ಚೀಫಿನೊಳಗೆ ಒಂದು ತಲೆ

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಒಮ್ಮೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಚೇರ್‌ಗೂ ಸಿ-ಎಚ್, ಮೆಶಿನ್‌ಗೂ ಸಿ-ಎಚ್. ಒಂದು ಕಡೆ ಚ, ಇನ್ನೊಂದು ಕಡೆ ಶ. ಯಾಕೆ?"

"ಮೆಶಿನ್ ಫ್ರೆಂಚ್ ಪದ ಕಣಮ್ಮ, ಚೇರ್ ಇಂಗ್ಲಿಷ್‌ದು" ಅಂದುಬಿಟ್ಟೆ. ಮನೆಗೆ ಬಂದು ನಿಘಂಟು ತೆಗೆದರೆ ಎರಡೂ ಫ್ರೆಂಚ್‌ನಿಂದಲೇ ಬಂದಿವೆ! ಮರುದಿನ ಪಾಠಕ್ಕಿಂತ ಮೊದಲು ನನ್ನ ತಪ್ಪು ತಿದ್ದಿದೆ.

ಆವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಪದ, ಅದು ಇಂಗ್ಲಿಷಿಗೆ ಬಂದ ಕಾಲ, ಫ್ರೆಂಚ್‌ನಲ್ಲಿದ್ದ ಅರ್ಥ. ಗುಟ್ಟು ಇದ್ದದ್ದು ಕಾಲದಲ್ಲಿ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ, ಫ್ರೆಂಚ್ ಮಾತಾಡುವ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅದರ ನಂತರದ ಶತಮಾನಗಳಲ್ಲಿ ಚೇರ್, ಚೇಂಬರ್, ಚೀಫ್ ಬಂದವು. ಹಳೇ ಫ್ರೆಂಚ್‌ನಲ್ಲೂ ಆಗ ಚ ಅಂತಲೇ ಇತ್ತು. 13ನೇ ಶತಮಾನದಲ್ಲಿ ಫ್ರೆಂಚರ ಬಾಯಲ್ಲಿ ಅದು ಶ ಆಯಿತು. ತಡವಾಗಿ ಬಂದ ಮೆಶಿನ್, ಶಾಂಪೇನ್, ಶೆಫ್ ಶ ಹೊತ್ತುಕೊಂಡೇ ಬಂದವು. ಹಾಗಂತ ಚ ಇದ್ದದ್ದೆಲ್ಲ ಫ್ರೆಂಚ್ ಅಲ್ಲ. ಚೈಲ್ಡ್, ಚಿನ್ ಅಪ್ಪಟ ಇಂಗ್ಲಿಷ್. ನಿಘಂಟು ನೋಡಲೇಬೇಕು.

ಚೀಫ್ ಮತ್ತು ಶೆಫ್ ಮೂಲದಲ್ಲಿ ಒಂದೇ ಪದ. ಅರ್ಥ 'ತಲೆ'. 500 ವರ್ಷಕ್ಕೂ ಜಾಸ್ತಿ ಅಂತರದಲ್ಲಿ ಎರಡು ಸಲ ಬಂದಿದೆ. ನಮ್ಮಲ್ಲಿ 'ವರ್ಣ'ವೂ ಇದೆ, ಅದರಿಂದಲೇ ಆದ 'ಬಣ್ಣ'ವೂ ಇದೆ ಅಲ್ವಾ, ಹಾಗೆ. ಇದನ್ನು ಹೇಳಿದ ಕೂಡಲೇ ಮಕ್ಕಳಿಗೆ ಅರ್ಥವಾಯಿತು.

ನನಗೆ ಬಲು ಇಷ್ಟವಾದದ್ದು ನಮ್ಮ ಜೇಬಿನ ಕರ್ಚೀಫು. ಹಳೇ ಫ್ರೆಂಚ್‌ನಲ್ಲಿ ಮೊದಲ ಭಾಗ 'ಮುಚ್ಚು', ಎರಡನೆಯದು ಅದೇ 'ತಲೆ'. ತಲೆಗೆ ಕಟ್ಟುವ ಬಟ್ಟೆ. ಕೈಯಲ್ಲಿ ಹಿಡಿಯುವ ಬಟ್ಟೆಗೂ ಅದೇ ಹೆಸರು ಹಿಡಿದಾಗ ಇಂಗ್ಲಿಷರು ಮುಂದೆ 'ಹ್ಯಾಂಡ್' ಸೇರಿಸಿದರು. ನಾವು ಆ ಹ್ಯಾಂಡನ್ನು ಮತ್ತೆ ಬಿಟ್ಟೆವು.

ಬೋರ್ಡಿನ ಮೇಲೆ ಕರ್ಚೀಫ್ ಅಂತ ಬರೆದು, ಕೆಳಗೆ ಕರ್ಫ್ಯೂ ಅಂತ ಬರೆದೆ. ಎರಡರಲ್ಲೂ ಮೊದಲಿಗಿರುವುದು ಅದೇ 'ಮುಚ್ಚು'. ಕರ್ಫ್ಯೂ ಅಂದರೆ 'ಬೆಂಕಿ ಮುಚ್ಚು'. ಮರದ, ಹುಲ್ಲಿನ ಮನೆಗಳ ಕಾಲ ಅದು. ಸಂಜೆ ಗಂಟೆ ಹೊಡೆದರೆ ಊರವರು ಒಲೆಯ ಬೆಂಕಿ ಮುಚ್ಚಬೇಕಿತ್ತು.

"ಸರ್, ನಮ್ಮಜ್ಜಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ತಾರೆ" ಅಂದಳು ಅದೇ ಹುಡುಗಿ. ನೋಟ್‌ಬುಕ್ಕಿನಲ್ಲಿ ಕರ್ಫ್ಯೂ ಪಕ್ಕಕ್ಕೆ ಅದನ್ನೂ ಬರೆದುಕೊಂಡೆ.