ಹೆಲಿಕಾಪ್ಟರಿಗೆ ರಿಸರ್ವ್ ನಾಬ್ ಇಲ್ಲ ಮಾರಾಯ್ರೆ: ಫ್ಯೂಯಲ್ ಲೆಕ್ಕ ಹಾಕೋದು ಹೇಗೆ

ಬೈಕಲ್ಲಿ ಆಗುಂಬೆ ಘಾಟಿ ಹತ್ತುವಾಗ ಪೆಟ್ರೋಲ್ ಕೈಕೊಟ್ರೆ ರಿಸರ್ವಿಗೆ ತಿರುಗಿಸಿದ್ರಾಯ್ತು, ಅದೂ ಮುಗಿದ್ರೆ ಸೈಡಿಗೆ ಹಾಕಿ ತೀರ್ಥಹಳ್ಳಿ ಬಸ್ಸಿಗೆ ಕೈ ಅಡ್ಡ ಹಿಡಿದ್ರಾಯ್ತು. ಹೆಲಿಕಾಪ್ಟರಿಗೆ ಆ ಸೈಡೇ ಇಲ್ಲ. ನಮ್ಮ ಕಡೆ ಒಂದಿಬ್ರು ಹುಡುಗ್ರು ಟ್ರೈನಿಂಗಿಗೆ ಹೊರಟಿದಾರೆ, ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ.

ಮೊದಲು, ಲೀಟರ್ ಬಿಟ್ಟು ನಿಮಿಷದಲ್ಲಿ ಯೋಚಿಸಿ. ನಾಲ್ಕು ಸೀಟಿನ ಚಿಕ್ಕ ಹೆಲಿಕಾಪ್ಟರ್ ರಾಬಿನ್ಸನ್ ಆರ್44 ಗಂಟೆಗೆ ಸುಮಾರು 57 ಲೀಟರ್ ಕುಡಿಯುತ್ತೆ, ಅಂದ್ರೆ ಹತ್ತಿರ ಹತ್ತಿರ ನಿಮಿಷಕ್ಕೊಂದು ಲೀಟರ್. ಶಿವಮೊಗ್ಗ ಏರ್‌ಪೋರ್ಟ್ ಇರೋ ಸೋಗಾನೆಯಿಂದ ಮಂಗಳೂರಿಗೆ ನೇರ ಗೆರೆ ಎಳೆದ್ರೆ ಸುಮಾರು 140 ಕಿಮೀ, ಗಂಟೆಗೆ 200ರ ಸ್ಪೀಡಲ್ಲಿ 42 ನಿಮಿಷ, 40 ಲೀಟರ್. ಹಗಲಲ್ಲಿ ಕಣ್ಣಿಗೆ ಕಾಣೋ ಹಾರಾಟಕ್ಕೆ 20 ನಿಮಿಷದ ರಿಸರ್ವ್ ಇರ್ಲೇಬೇಕು ಅನ್ನೋದು ನಿಯಮ, ಅದಕ್ಕೆ 20 ಸೇರಿಸಿ 60 ಲೀಟರ್ ಸಾಕು ಅಂತ ಒಬ್ಬ ಹೊರಟ ಅನ್ಕೊಳ್ಳಿ. ಮಳೆಗಾಲದ ಗಾಳಿ ಸಮುದ್ರದ ಕಡೆಯಿಂದ ಎದುರಿಗೇ ಬರುತ್ತಲ್ಲ, 50 ಕಿಮೀ ಗಾಳಿ ಇದ್ರೆ ನೆಲದ ಮೇಲಿನ ಸ್ಪೀಡ್ 150ಕ್ಕೆ ಇಳೀತು, 42 ನಿಮಿಷ 56 ಆಯ್ತು, ಇಳಿಯುವಾಗ ಟ್ಯಾಂಕಲ್ಲಿ ಉಳಿಯೋದು 7 ಲೀಟರ್. ಲೋ ಫ್ಯೂಯಲ್ ಲೈಟು ಅದಕ್ಕೂ ಮೊದ್ಲೇ, 11 ಲೀಟರಿಗೇ ಹತ್ತಿಕೊಂಡಿರುತ್ತೆ. ಮೋಡ ಸುತ್ತಿ ಹೋಗೋದನ್ನ ನಾನಿನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

ಹಂಗಾದ್ರೆ ಫುಲ್ ಟ್ಯಾಂಕ್ ಹಾಕ್ಸಿದ್ರಾಯ್ತಲ್ಲ ಅಂತೀರ. ತೂಕ! 100 ಲೀಟರ್ ಎವಿಗ್ಯಾಸ್ (ವಿಮಾನದ ಪೆಟ್ರೋಲ್) ಅಂದ್ರೆ 72 ಕೆಜಿ, ಒಬ್ಬ ಆಳು. ನಾಲ್ಕು ಜನ ಬರ್ತೀವಿ ಅಂದ್ರೆ ಒಬ್ರನ್ನ ಇಳಿಸಿ, ಫ್ಯೂಯಲ್ ಇಳಿಸ್ಬೇಡಿ. ನೆಂಟರು ಮುನಿಸಿಕೊಂಡ್ರೆ ಮುನಿಸಿಕೊಳ್ಳಲಿ.

ಗೇಜ್ ಒಂದನ್ನೇ ನಂಬಬೇಡಿ, ತೋಟದ ಪಂಪಿಗೆ ಕಡ್ಡಿ ಇಳಿಸಿ ನೋಡೋ ಹಂಗೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಆಮೇಲೆ ಅಡಿಯಿಂದ ಸ್ವಲ್ಪ ಜಾಡಿಗೆ ಇಳಿಸಿ ಬೆಳಕಿಗೆ ಹಿಡೀರಿ, ನಮ್ಮ ಮಳೆಗೆ ಔಷಧಿ ಹೊಡೆಯೋ ಮಷಿನ್ನಿನ ಪೆಟ್ರೋಲಿಗೇ ನೀರು ಸೇರುತ್ತೆ. ನೀರಿದ್ರೆ ತಳದಲ್ಲಿ ಗುಂಡಗೆ ಕೂತಿರುತ್ತೆ. ಪೂರ್ತಿ ನೀರೇ ಬಂದ್ರೆ ಮಾತ್ರ ನೀರು, ಪೆಟ್ರೋಲ್ ಮಧ್ಯದ ಗೆರೆ ಕಾಣಲ್ಲ, ಚೆನ್ನಾಗಿದೆ ಅನ್ಸಿಬಿಡುತ್ತೆ, ಅದಕ್ಕೇ ಬಣ್ಣ ನೋಡ್ಬೇಕು, ಎವಿಗ್ಯಾಸ್ 100ಎಲ್‌ಎಲ್ ತಿಳಿ ನೀಲಿ.

ಇಷ್ಟಾದ್ಮೇಲೂ ಫ್ಯೂಯಲ್ ಇದ್ದೂ ಬಿದ್ದವರಿದಾರೆ. 2013ರ ನವೆಂಬರ್ 29, ಗ್ಲಾಸ್ಗೋ, ಪೊಲೀಸ್ ಹೆಲಿಕಾಪ್ಟರ್ ಇಸಿ135 ಒಂದು ಪಬ್ಬಿನ ಮೇಲೆ ಬಿತ್ತು, 10 ಜನ ಹೋದ್ರು. ಮೇನ್ ಟ್ಯಾಂಕಲ್ಲಿ 70 ಕೆಜಿಗಿಂತ ಜಾಸ್ತಿ ಇತ್ತು, ಆದ್ರೆ ಅಲ್ಲಿಂದ ಇಂಜಿನ್ನಿಗೆ ಫ್ಯೂಯಲ್ ಕೊಡೋ ಚಿಕ್ಕ ಟ್ಯಾಂಕುಗಳಿಗೆ ಕಳಿಸೋ ಪಂಪ್ ಎರಡೂ ಆಫ್, ಲೋ ಫ್ಯೂಯಲ್ ವಾರ್ನಿಂಗ್ ಬಂದಿದ್ದು ಐದು ಸಲ. ಲೈಟ್ ಹತ್ತಿದ್ರೆ ಕಾರಣ ಹುಡುಕ್ತಾ ಹಾರ್ಬೇಡಿ. ಗದ್ದೆ, ಶಾಲೆ ಮೈದಾನ, ಯಾವ್ದಾದ್ರೂ ಸರಿ, ಇಂಜಿನ್ ಇರುವಾಗ್ಲೇ ಇಳೀರಿ. ಇಂಜಿನ್ ನಿಂತ್ಮೇಲೆ ಒಂದೆರಡು ಸೆಕೆಂಡಲ್ಲಿ ಕಲೆಕ್ಟಿವ್ (ಮೇಲಿನ ರೋಟರ್ ರೆಕ್ಕೆಗಳ ಕೋನ ಬದಲಿಸೋ ಲಿವರ್) ಕೆಳಗೆ ಹೋಗ್ಬೇಕು, ಇಲ್ಲಾಂದ್ರೆ ರೋಟರ್ ಸುತ್ತೋದೂ ನಿಧಾನ ಆಗುತ್ತೆ, ಸರಿಯಾಗಿ ಮಾಡಿದ್ರೂ ಕೆಳಗೆ ಬರೀ ಕಾಡು ಇದ್ರೆ ಎಲ್ಲಿಗೆ ಇಳೀತೀರ?

ಅದಕ್ಕೇ ಹೊರಡೋ ಮೊದ್ಲೇ ತೊಡೆ ಮೇಲಿನ ಪ್ಯಾಡಲ್ಲಿ ಒಂದು ಸಾಲು ಬರ್ಕೊಳ್ಳಿ: 'ಆಗುಂಬೆ, 46 ಲೀಟರ್'. ಅಲ್ಲಿಂದ ಮಂಗಳೂರಿಗೆ ಇನ್ನೂ 70 ಕಿಮೀ, ಎದುರುಗಾಳಿಲಿ 28 ನಿಮಿಷ, ಮೇಲೆ 20 ನಿಮಿಷ ರಿಸರ್ವ್, ಒಟ್ಟು 48 ನಿಮಿಷಕ್ಕೆ 46 ಲೀಟರ್. ಆ 60 ಲೀಟರಿನವನ ಹತ್ರ ಅಲ್ಲಿ 33 ಇರುತ್ತೆ, ಮುಂದೆ ಹೋಗಂಗಿಲ್ಲ. ವಾಪಸ್ ತಿರುಗಿದ್ರೆ ಅದೇ ಗಾಳಿ ಬೆನ್ನಿಗೆ, 17 ನಿಮಿಷದಲ್ಲಿ ಸೋಗಾನೆ.